ಮನೆಗೊಬ್ಬ ಮುನಿವೆಂಕಟಪ್ಪ

ಬೂದಿಗೆರೆಯ ಮುನಿವೆಂಕಟಪ್ಪ ಬದುಕಿರುವಷ್ಟು ಕಾಲ ಅವನ ಮನೆಯ ಅಟ್ಟದಲ್ಲಿ ಇಲಿ ಕಿಚಕ್ಕೆಂದದ್ದಿಲ್ಲ. ರಾಗಿ ಬಣವೆ ಬಿಚ್ಚುವ ದಿನ ಪಂಚೆ ಎತ್ತಿಕಟ್ಟಿ, ಹುಣಸೆ ಬರಲು ಹಿಡಿದು ಅವನು ನಿಂತನೆಂದರೆ ಮುಗಿಯಿತು. ಹುಲ್ಲಿನಿಂದ ಹಾರಿಬಂದ ಇಲಿ ನೆಲ ಮುಟ್ಟುವುದಕ್ಕೆ ಮುಂಚೆ ಸತ್ತಿರುತ್ತಿತ್ತು. ಊರಿನವರು ತಮ್ಮ ಮನೆಯ ಬಣವೆ ಬಿಚ್ಚುವಾಗಲೂ ಅವನನ್ನೇ ಕರೆಯುತ್ತಿದ್ದರು.

ಆ ಕೈ ಇಲಿಯ ಮೇಲೆ ಮಾತ್ರ ಬೀಳುತ್ತಿತ್ತು ಎಂದರೆ ಸುಳ್ಳಾದೀತು. ಎತ್ತಿನ ಮೇಲೆ ಬಿತ್ತು, ಹೆಂಡತಿಯ ಮೇಲೆ ಬಿತ್ತು, ಒಂದು ಸಲ ಅಳಿಯನ ಮೇಲೂ ಬಿತ್ತು. ಮಗಳು ಗಂಗಲಕ್ಷ್ಮಮ್ಮನ ಸೀಮಂತಕ್ಕೆ ಅಳಿಯ ಕೆಂಪರಾಜು ಕುಡಿದು ತೂರಾಡುತ್ತ ಬಂದನೆಂದು, ಚಪ್ಪರದ ಕೆಳಗೆ ನೆಂಟರಿಷ್ಟರ ಎದುರಿಗೇ ಎಕ್ಕಡ ತೆಗೆದು ಬಾಯಿಗೆ ಬಾರಿಸಿದ್ದ. ಕೆಂಪರಾಜುವಿನ ಮುಂದಿನ ಹಲ್ಲು ಸೀಮಂತದ ಎಲೆಯ ಮೇಲೆ ಬಿದ್ದಿತ್ತು. ಆ ಜಾಗಕ್ಕೆ ಅವನು ಚಿನ್ನದ ಹಲ್ಲು ಕಟ್ಟಿಸಿಕೊಂಡ. ಮಾವ ಸತ್ತು ಮಣ್ಣಾದರೂ ಆ ಹಲ್ಲು ಬಾಯಲ್ಲೇ ಇತ್ತಲ್ಲ, ಮರೆಯುವುದಾದರೂ ಹೇಗೆ?

ಕೆಂಪರಾಜು ಮೊದಲು ತರಕಾರಿ ಮಂಡಿಯಲ್ಲಿದ್ದವನು. ಆಮೇಲೆ ಹೊಸಕೋಟೆಯಲ್ಲಿ ಹಳೆ ಮದ್ರಾಸು ರಸ್ತೆಯ ಹತ್ತಿರ ಒಂದು ಶೆಡ್ಡು ಹಾಕಿ ಫಿನಾಯಿಲು, ನುಸಿಗುಳಿಗೆ, ಇರುವೆಯ ಸೀಮೆಸುಣ್ಣ ಮಾಡಿಸತೊಡಗಿದ. ಪ್ಯಾಕಿಂಗಿನ ಹೆಂಗಸರನ್ನು ನೋಡಿಕೊಳ್ಳುವವಳು ಗಂಗಲಕ್ಷ್ಮಮ್ಮ. ಆ ವರ್ಷ ಹೊಸದಾಗಿ ಇಲಿ ಕೊಲ್ಲುವ ವಿಷದ ಬಿಲ್ಲೆ ಮಾಡಿದರು. ಪರೀಕ್ಷೆಗೆಂದು ಗೋಡೌನಿನಲ್ಲಿ ಹಾಕಿದ ಮೇಲೆ ಮೂಟೆಗಳ ಸಂದಿಯಿಂದ ಹೆಗ್ಗಣಗಳನ್ನು ಸಲಿಕೆಯಲ್ಲಿ ಬಾಚಿ ತೆಗೆದರು. ಕೆಲವು ಇನ್ನೂ ಕಾಲು ಒದರುತ್ತಿದ್ದವು. ಲೋಡಿಂಗಿನ ಆಳುಗಳು ಅವನ್ನು ಬೂಟುಗಾಲಲ್ಲಿ ತುಳಿದು ಮುಗಿಸಿದರು. ಮಾಲು ಸರಿಯಾಗಿದೆ ಎಂದು ಕೆಂಪರಾಜು ಖುಷಿಯಾದ. ಆದರೆ ಮಾಲಿಗೆ ಹೆಸರಿರಲಿಲ್ಲ.

ಹೆಸರು ಹುಡುಕಿಕೊಡಲು ಬಂದವಳು ಅರಿಶಿನಕುಂಟೆಯ ಚೈತ್ರ. ಕೆಂಪರಾಜುವಿನ ಹಳೇ ಗೆಳೆಯನ ಮಗಳು. ಬೆಂಗಳೂರಿನಲ್ಲಿ ಕಂಪನಿಗಳ ಹೊಸ ಮಾಲುಗಳಿಗೆ ಹೆಸರಿಡುವ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಲ್ಯಾಪ್‌ಟಾಪು ತೆರೆದು ಒಂದೊಂದಾಗಿ ತೋರಿಸಿದಳು. ರ‍್ಯಾಟ್ ಕಿಂಗ್, ಕಿಲ್ ಮ್ಯಾಕ್ಸ್, ಯಮದೂತ.

"ಯಮದೂತ ಪಸಂದಾಗೈತೆ ಕಣಮ್ಮ" ಎಂದ ಕೆಂಪರಾಜು.

"ಇರಿ ಅಂಕಲ್. ಇವೆಲ್ಲ ನಾನು ಏಸಿ ರೂಮಲ್ಲಿ ಕೂತ್ಕೊಂಡು ಮಾಡಿದ್ದು. ಅಂಗಡಿ ಮುಂದೆ ಜನ ಬಾಯ್ಬಿಟ್ಟು ಏನಂತ ಕೇಳ್ತಾರೆ, ಅದನ್ನ ನೋಡ್ದೆ ಹೆಸರು ಇಡಬಾರ್ದು. ನಮ್ಮ ಕೆಲಸದ ಮೊದಲನೇ ಪಾಠನೇ ಅದು."

ಹಾಗೆಂದು ಅವಳು ಸಂತೆಬೀದಿಯ ಕದಿರಮ್ಮನ ದಿನಸಿ ಅಂಗಡಿಯಲ್ಲಿ ಹೋಗಿ ಕೂತಳು. ಬೆಳಿಗ್ಗೆ ಹೋದವಳು ಸಂಜೆ ಶೆಡ್ಡಿಗೆ ವಾಪಸು ಬಂದಾಗ ಮುಖದಲ್ಲಿ ನಗು ತುಳುಕುತ್ತಿತ್ತು.

"ಆಂಟಿ, ಒಬ್ರಾದ್ರೂ 'ಇಲಿ' ಅನ್ನಲ್ಲ! 'ಅದು ಕೊಡವ್ವ' ಅಂತಾರೆ, ಅಟ್ಟದ ಕಡೆ ಕೈ ತೋರಿಸ್ತಾರೆ, ಕಣ್ಣು ಹೊಡೀತಾರೆ. ನಾನೇ ಒಬ್ರನ್ನ 'ಇಲಿಗಾ ತಾತ?' ಅಂದಿದ್ದಕ್ಕೆ ಬಾಯಿ ಮುಚ್ಚು ಅಂತ ಬೈದ್ಬಿಟ್ರು."

"ಬೈದೇ ಇರ್ತಾರಾ? ಹೆಸರೆತ್ತಿದ್ರೆ ಅವು ಕೇಳಿಸ್ಕೊತಾವೆ. ಆವತ್ತೇ ಬಂದು ಬೀರು ಒಳಗಿನ ರೇಷ್ಮೆ ಸೀರೆನೇ ಹುಡ್ಕಿ ಕಡೀತಾವೆ" ಎಂದಳು ಗಂಗಲಕ್ಷ್ಮಮ್ಮ.

ಚೈತ್ರ ಮೇಜು ಕುಟ್ಟಿದಳು. "ಸಿಕ್ತು! ಅವಕ್ಕೆ ಗೊತ್ತಾಗದ ಹೆಸರು ಇಡೋಣ. ಮನುಷ್ಯರ ಹೆಸರು. 'ಬರ್ತಾ ಅವ್ರನ್ನ ಕರ್ಕೊಂಡ್ ಬನ್ನಿ' ಅಂತ ಹೆಂಡತಿ ಗಂಡನಿಗೆ ಹೇಳಿದ್ರೆ, ಅಟ್ಟದ ಮೇಲಿರೋವು ಯಾರೋ ನೆಂಟ್ರು ಬರ್ತಾವ್ರೆ ಅನ್ಕೋಬೇಕು! ಈ ಕಡೆಯ ಹಳೇ ಹೆಸರಾಗಿರ್ಬೇಕು, ಕೇಳಿದ್ರೆ ಭಯ ಆಗ್ಬೇಕು."

ಪ್ಯಾಕಿಂಗಿನ ಹೆಂಗಸರಿಗೂ ಹುರುಪು ಬಂತು. ಒಬ್ಬಳು ಅಪ್ಪಯ್ಯಣ್ಣ ಎಂದಳು. ಅದು ತೀರಾ ಸಾಧು ಎಂದಳು ಚೈತ್ರ. ಇನ್ನೊಬ್ಬಳು ಮುನಿರಾಮಯ್ಯ ಎಂದಳು. ಅದು ಭಜನೆ ಮನೆಯವರ ಹಾಗಿದೆ ಎಂದಳು ಚೈತ್ರ. ಬಿಲ್ಲೆ ಜೋಡಿಸುತ್ತಿದ್ದ ಗಂಗಲಕ್ಷ್ಮಮ್ಮ ತಲೆಯೆತ್ತದೆಯೇ ಹೇಳಿದಳು.

"ನಮ್ಮಪ್ಪನ ಹೆಸರು ಇಡವ್ವ. ಮುನಿವೆಂಕಟಪ್ಪ. ನಮ್ಮಪ್ಪ ಹೊಸ್ಲು ದಾಟಿದ್ರೆ ಅವು ಉಸಿರು ಬಿಡ್ತಿರ್ಲಿಲ್ಲ."

ಕೆಂಪರಾಜು ನಕ್ಕ. ಚಿನ್ನದ ಹಲ್ಲು ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಹೆಂಡತಿಗೆ ಆ ನಗುವಿನ ಬೇರು ಗೊತ್ತಾಗಲಿಲ್ಲ. ಅಪ್ಪನ ಹೆಸರು ಊರೂರು ತಿರುಗುತ್ತದಲ್ಲ ಎಂದು ಅವಳು ಹಿಗ್ಗಿದಳು.

ಪ್ರತಿ ಬಿಲ್ಲೆಯ ಮೇಲೂ ಹೆಸರು ಮೂಡುವ ಹಾಗೆ ಅಲ್ಯೂಮಿನಿಯಮ್ಮಿನ ಅಚ್ಚು ಎರಕ ಹೊಯ್ಯಿಸಿದರು. ಹಳದಿ ಪೊಟ್ಟಣದ ಮೇಲೆ ಮೀಸೆ ತಿರುವುವ ಒಬ್ಬ ರುಮಾಲಿನ ಯಜಮಾನ ಕೂತ. ಮಾಲು ಬಿಸಿ ಬೋಂಡದ ಹಾಗೆ ಹೋಯಿತು. 'ಹೆಸರು ಯಾರು ಇಟ್ಟಿದ್ದು ಗುರು?' ಎಂದು ಅಂಗಡಿಯವರು ಕೇಳಿದರೆ ಕೆಂಪರಾಜು ಎದೆ ತಟ್ಟಿಕೊಂಡು, 'ಇನ್ಯಾರು? ನಾನೇ' ಎನ್ನುತ್ತಿದ್ದ. ಗಂಗಲಕ್ಷ್ಮಮ್ಮ ಅದನ್ನು ತಿದ್ದಲು ಹೋಗಲಿಲ್ಲ. ಗಂಡಸರು ಹೇಳಿಕೊಳ್ಳುವುದೇ ಹಾಗೆ.

ಮಹಾಲಯ ಅಮಾವಾಸ್ಯೆಗೆ ಅವಳು ಎಂದಿನಂತೆ ಬೂದಿಗೆರೆಯ ತವರಿಗೆ ಹೋದಳು. ತಮ್ಮ ಅನಿಲ್‌ಕುಮಾರ್ ಅಪ್ಪನ ಫೋಟೋಗೆ ಹಾರ ಹಾಕಿ ಹೊಸ ಪಂಚೆ ಇಟ್ಟಿದ್ದ. ತಮ್ಮನ ಹೆಂಡತಿ ಅರ್ಪಿತ ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ ಬಡಿಸಿ ಎಡೆ ಇಟ್ಟಳು. ಅಪ್ಪನಿಗೆ ಇಷ್ಟವೆಂದು ಬೀಡಿ ಕಟ್ಟೂ ಒಂದು ಕ್ವಾರ್ಟರು ಬಾಟಲೂ ಪಕ್ಕದಲ್ಲಿ. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯ ಮೇಲೆ ಬಾಯಿ ಮುಚ್ಚಿ ಕೂತರು.

ಆಗ ಬೀದಿಯ ತುದಿಯಲ್ಲಿ ಮೈಕು ಕೂಗಿತು.

"ಬನ್ನಿ ಅಕ್ಕ, ಬನ್ನಿ ಅಣ್ಣ! ಅಟ್ಟದಲ್ಲಿ ಓಟವೇ? ಕಣಜದಲ್ಲಿ ಕಾಟವೇ? ಬಾಯ್ಬಿಟ್ಟು ಹೇಳ್ಬೇಡಿ, ಅವಕ್ಕೆ ಕೇಳಿಸುತ್ತೆ! ಕರ್ಕೊಂಡ್ ಹೋಗಿ ಮುನಿವೆಂಕಟಪ್ಪ! ಮನೆಗೊಬ್ಬ ಮುನಿವೆಂಕಟಪ್ಪ!"

ಹಳದಿ ಬ್ಯಾನರಿನ ಆಟೋ ಮನೆಯ ಮುಂದೆಯೇ ಬಂತು. ಎದುರುಮನೆಯ ದ್ಯಾವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಏ ಅನಿಲಾ, ಎಡೆ ಇಟ್ಟು ಕರೆದಿದ್ದು ಕೇಳಿಸ್ತೇನೋ ಕಣಪ್ಪ! ನಿಮ್ಮಪ್ಪ ಆಟೋ ಮಾಡ್ಕೊಂಡು ಬಂದವ್ನೆ!" ಎಂದಳು. ಬೀದಿಯೆಲ್ಲ ಗೊಳ್ಳೆಂದಿತು.

ಅನಿಲ ಜಗಲಿಯಿಂದ ಹಾರಿದ. ಆಟೋದ ಸಂಜೀವಪ್ಪನನ್ನು ಕೊರಳಪಟ್ಟಿ ಹಿಡಿದು ಎಳೆದ. ಅವನ ಕೈಯಲ್ಲಿದ್ದ ಮೈಕನ್ನು ಕಿತ್ತುಕೊಂಡು ಅದರಲ್ಲೇ ಅವನ ಬಾಯಿಗೆ ಗುದ್ದಿದ. ಮೈಕು ಆರಿರಲಿಲ್ಲ. ಹಲ್ಲು ಮುರಿದ ಸದ್ದು, 'ಅಯ್ಯಪ್ಪೋ' ಎಂಬ ಕೂಗು, ಗುದ್ದಿನ ಮೇಲೆ ಗುದ್ದು, ಎಲ್ಲವೂ ಹಾರನ್ನಿನಲ್ಲಿ ಊರಗಲ ಕೇಳಿತು. ನಗುತ್ತಿದ್ದವರು ಮನೆಯೊಳಗೆ ಸೇರಿಕೊಂಡರು.

"ಯಾವನ್ಲಾ? ಯಾವನ್ಲಾ ಈ ಹೆಸರಿಟ್ಟೋನು?"

"ಓನರ್ರು... ಕೆಂಪರಾಜಣ್ಣ... ಅವ್ರೇ ಹೇಳ್ಕೊತಾರೆ ಕಣಣ್ಣ, ಬುಟ್ಬುಡಣ್ಣ..."

ಮೈಕಿನಲ್ಲಿ ಗಂಡನ ಹೆಸರು ಕೇಳಿದಾಗ ಗಂಗಲಕ್ಷ್ಮಮ್ಮ ಜಗಲಿಯ ಕಂಬ ಹಿಡಿದು ಎದ್ದಳು. ಅವನಲ್ಲ, ನಾನು ಎನ್ನಬೇಕು. ಸಂಜೀವಪ್ಪನ ಬಾಯಿಂದ ರಕ್ತ ಬಳಬಳ ಸುರಿಯುವುದು ಕಣ್ಣಿಗೆ ಬಿತ್ತು. ಮತ್ತೆ ಜಗಲಿಯ ಮೇಲೆ ಕೂತುಬಿಟ್ಟಳು.

ಅನಿಲ ಕಲ್ಲು ಎತ್ತಿ ಆಟೋದ ಗಾಜು ಪುಡಿ ಮಾಡಿದ. ಆಮೇಲೆ ಬಾಗಿಲು ದೂಡಿಕೊಂಡು ಒಳಗೆ ಹೋಗಿ ಫೋಟೋದ ಮುಂದೆ ಕುಕ್ಕರಿಸಿ ಕೂತ. ಅವನ ಗೆಣ್ಣಿನಿಂದ ತೊಟ್ಟಿಕ್ಕಿದ ರಕ್ತ ಎಡೆಯ ಎಲೆಯ ಮೇಲೆ ಬಿತ್ತು.

"ಹಲ್ಲಿನ ಸೇಡು ತೀರಿಸ್ಕೊಂಡ ಅಕ್ಕ ನಿನ್ನ ಗಂಡ. ಬದುಕಿದ್ದಾಗ ಎದುರಿಗೆ ನಿಲ್ಲಕ್ಕಾಗ್ಲಿಲ್ಲ, ಸತ್ತ ಮೇಲೆ ನಮ್ಮಪ್ಪನ್ನ ಇಲಿಗೆ ಹಾಕ್ದ. ಅವನ ಕುತ್ತಿಗೆ ಕಡೀದೇ ಇದ್ರೆ ನಾನು ಮುನಿವೆಂಕಟಪ್ಪನಿಗೆ ಹುಟ್ಟಿದ ಮಗ ಅಲ್ಲ."

ಅವಳು ಅವನ ಕೈಗೆ ಅರಿಶಿನ ಒತ್ತಿ ಬಟ್ಟೆ ಸುತ್ತಿದಳು. ನಿಜ ಹೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಗಂಡನ ತಲೆ ಉರುಳುತ್ತದೆ. ಕೋಪ ತಾನಾಗಿ ಇಳಿದೀತು ಎಂದು ತನಗೆ ತಾನೇ ಹೇಳಿಕೊಂಡು ಹೊಸಕೋಟೆಯ ಬಸ್ಸು ಹತ್ತಿದಳು.

ಕೋಪ ಇಳಿಯಲು ಕೆಂಪರಾಜು ಬಿಡಬೇಕಲ್ಲ. ಸಂಜೀವಪ್ಪನ ಊದಿದ ಮುಖ ನೋಡಿದವನೇ ಲೋಡಿಂಗಿನ ಇಬ್ಬರನ್ನು ಕಟ್ಟಿಕೊಂಡು ಮರುದಿನ ಬೆಳಗಿನ ಹೊತ್ತು ಬೂದಿಗೆರೆಯ ಹಾಲಿನ ಡೇರಿಗೆ ನುಗ್ಗಿದ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅನಿಲನನ್ನು ಸೈಕಲ್ ಚೈನಿನಲ್ಲಿ ಹೊಡೆದು ಕೆಡವಿದ. ನೆಲದ ಮೇಲೆ ಚೆಲ್ಲಿದ ಹಾಲು ಕೆಂಪಾಯಿತು. ಬಿದ್ದವನ ಜೇಬಿಗೆ ಹಳದಿ ಪೊಟ್ಟಣ ತುರುಕಿ, "ತಗೋ ಬಾಮೈದ, ನಿಮ್ಮಪ್ಪನ್ನ ಜೇಬಲ್ಲೇ ಇಟ್ಕೊ" ಎಂದು ಹೇಳಿ ಬಂದ.

ಇದನ್ನೆಲ್ಲ ಅವನೇ ಮನೆಯ ಹಿತ್ತಲಲ್ಲಿ ನಲ್ಲಿಯ ಕೆಳಗೆ ಚೈನು ತೊಳೆಯುತ್ತ ಹೆಂಡತಿಗೆ ಹೇಳಿದ. ಬಕೆಟ್ಟಿನ ನೀರು ಬಣ್ಣ ತಿರುಗಿತ್ತು.

"ಸತ್ತೋಗಿದ್ರೆ ಏನ್ರೀ ಗತಿ?"

"ಸಾಯೋ ಹಂಗೆ ಹೊಡೆದಿಲ್ಲ ಬುಡು. ಬುರುಡೆ ಬಿರುಕು ಬಿಟ್ಟಿರ್ಬೇಕು."

"ಆ ಹೆಸರು ತೆಗೆದ್ಬಿಡ್ರಿ. ನಿಮ್ಮ ದಮ್ಮಯ್ಯ ಅಂತೀನಿ. ಹೆಸರು ಕೊಟ್ಟೋಳು ನಾನು. ಈಗ್ಲೇ ಹೋಗಿ ಅವನಿಗೆ ಹೇಳ್ತೀನಿ."

"ಹೇಳ್ನೋಡು. ಆಮೇಲೆ ನಿನಗೆ ಅರಿಶಿನ ಕುಂಕುಮ ಕೊಡೋಕೆ ಯಾವ ತವರು ಐತೆ?" ಕೆಂಪರಾಜು ಚೈನನ್ನು ಒದರಿ ಗೋಡೆಯ ಮೊಳೆಗೆ ಹಾಕಿದ. ದನಿ ಸ್ವಲ್ಪ ಮೆತ್ತಗಾಯಿತು. "ನನ್ನ ತಲೆ ಮೇಲಿರ್ಲಿ ಬುಡೇ. ನನಗೇನು ಅದು ಭಾರ ಅಲ್ಲ. ನಿಜ ಹೇಳ್ಲಾ? ದಿನಾ ಬೆಳಿಗ್ಗೆ ಆ ಪೊಟ್ಟಣ ನೋಡಿದ್ರೆ ನನಗೆ ಹೊಟ್ಟೆ ತಣ್ಣಗಾಗ್ತೈತೆ. ಹೆಸರು ಓಡ್ತಾ ಐತೆ. ತೆಗೆಯಲ್ಲ."

ಗಂಡನ ಮಾತಿನಲ್ಲಿ ತನ್ನ ಮೇಲಿನ ಪ್ರೀತಿ ಎಷ್ಟು, ಸತ್ತವನ ಮೇಲಿನ ಹಗೆ ಎಷ್ಟು ಎಂದು ಅವಳಿಗೆ ಬೇರ್ಪಡಿಸಲು ಆಗಲಿಲ್ಲ. ತಮ್ಮನಿಗೆ ಫೋನು ಮಾಡಿದಳು. ಅರ್ಪಿತ ಎತ್ತಿದಳು. "ತಲೆಗೆ ಹೊಲಿಗೆ ಹಾಕವ್ರೆ ಅಕ್ಕ. ಊಟ ಮಾಡ್ತಿಲ್ಲ, ಮಾತಾಡ್ತಿಲ್ಲ. ಕೊಟ್ಟಿಗೇಲಿ ಕೂತ್ಕೊಂಡು ಮಚ್ಚು ಮಸೀತಾವ್ರೆ" ಎಂದು ಅತ್ತಳು.

ಶುಕ್ರವಾರ ಮಧ್ಯಾಹ್ನ ಅವನು ಶೆಡ್ಡಿಗೆ ಬಂದ. ಪ್ಯಾಕಿಂಗಿನ ಹೆಂಗಸರು ಊಟದ ಡಬ್ಬಿ ತೊಳೆಯುತ್ತಿದ್ದರು. ತಲೆಗೆ ಬ್ಯಾಂಡೇಜು ಸುತ್ತಿದ್ದ ಅನಿಲ ಗೇಟಿನಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಒಳಗೆ ನಡೆದು, ತಕ್ಕಡಿಯ ಹತ್ತಿರ ಬಗ್ಗಿ ಮೂಟೆ ನೋಡುತ್ತಿದ್ದ ಕೆಂಪರಾಜುವಿನ ಮೇಲೆ ಮಚ್ಚು ಬೀಸಿದ. ಕುತ್ತಿಗೆಗೆ ಗುರಿಯಿಟ್ಟದ್ದು ಹೆಗಲಿಗೆ ಕಚ್ಚಿತು. ಅಂಗಿ ಸೀಳಿ, ಮಾಂಸ ಬಿರಿದು, ಬಿಳಿ ಮೂಳೆ ಒಂದು ಕ್ಷಣ ಕಂಡು ರಕ್ತದಲ್ಲಿ ಮುಚ್ಚಿಹೋಯಿತು. ಹೆಂಗಸರು ಡಬ್ಬಿ ಬಿಸಾಕಿ ಚೀರುತ್ತ ಹೊರಗೆ ಓಡಿದರು. ಲೋಡಿಂಗಿನ ಆಳುಗಳು ಅವರಿಗಿಂತ ಮುಂದೆ ಓಡಿದರು.

"ಅನಿಲಾ, ಬೇಡ ಕಣೋ! ಹೆಸರಿಟ್ಟಿದ್ದು ಅವರಲ್ಲ, ನಾನು! ನಾನು ಕಣೋ!" ಎಂದು ಗಂಗಲಕ್ಷ್ಮಮ್ಮ ಅವನ ಸೊಂಟಕ್ಕೆ ತೆಕ್ಕೆ ಹಾಕಿದಳು.

"ಗಂಡನ್ನ ಉಳಿಸ್ಕೊಳಕ್ಕೆ ಅಪ್ಪನ್ನ ಮಾರ್ತೀಯೇನೇ? ಎಲ್ಲ ಹೆಂಡ್ತೀರೂ ಹೇಳೋ ಮಾತೇ ಇದು!"

"ಅಪ್ಪನಾಣೆ!"

"ಅಪ್ಪನ ಹೆಸರು ಎತ್ತಬ್ಯಾಡ!" ಮೊಣಕೈಯಿಂದ ಅವಳ ಮುಖಕ್ಕೆ ತಿವಿದ. ಮೂಗು ಒಡೆದು ಅವಳು ಬಿಲ್ಲೆಯ ತಟ್ಟೆಗಳ ಮೇಲೆ ಬಿದ್ದಳು. ಕೆಂಪರಾಜು ಅಡ್ಡ ಹಿಡಿದ ಬಲಗೈಯ ಮೇಲೆ ಎರಡನೇ ಏಟು ಬಿತ್ತು. ಕಿರುಬೆರಳು ಹಾರಿ ಮೂಟೆಯ ಪಕ್ಕಕ್ಕೆ ಬಿತ್ತು. ಅನಿಲ ಮೂರನೇ ಸಲ ಮಚ್ಚು ಎತ್ತಿದ. ಈಗ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ತಕ್ಕಡಿಯ ಕೆಳಗೆ ತೂಕದ ಕಲ್ಲಿತ್ತು. ಕಲ್ಲೆಂಬುದು ಮಾತಿಗೆ, ಅದು ಐದು ಕೆಜಿಯ ಕಬ್ಬಿಣ. ಎರಡು ಕೈಯಲ್ಲೂ ಅದರ ಬಳೆ ಹಿಡಿದು, ಎದ್ದ ಭರದಲ್ಲೇ ತಮ್ಮನ ಮೊಣಕಾಲಿಗೆ ಬೀಸಿದಳು. ಹಸಿ ಕಬ್ಬು ಮುರಿದಂತೆ ಸದ್ದಾಯಿತು. ಕಾಲು ಬಾಗಬಾರದ ಕಡೆಗೆ ಬಾಗಿತು. ಅನಿಲ ಕೂಗಲೂ ಆಗದೆ ಬಾಯಿ ತೆರೆದುಕೊಂಡೇ ಕುಸಿದ. ಮಚ್ಚು ಸಿಮೆಂಟಿನ ಮೇಲೆ ಜಾರಿಕೊಂಡು ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೆಂಪರಾಜು ಎಡಗೈಯಲ್ಲಿ ಆ ಮಚ್ಚನ್ನು ಎತ್ತಿಕೊಂಡ. ಅವನ ಕಣ್ಣು ಹೆಂಡತಿಯನ್ನು ನೋಡುತ್ತಿರಲಿಲ್ಲ, ಬಿದ್ದವನ ಕುತ್ತಿಗೆಯನ್ನು ನೋಡುತ್ತಿತ್ತು.

"ಬುಡು ಗಂಗಾ, ಪಕ್ಕಕ್ಕೆ ಬಾ. ಇವತ್ತು ಮುಗಿಸ್ಬಿಡ್ತೀನಿ."

"ಇನ್ನೊಂದು ಹೆಜ್ಜೆ ಇಟ್ರೆ ನಿಮಗೂ ಇದೇ ಗತಿ."

ಅವನು ಹೆಜ್ಜೆ ಇಟ್ಟ. ಅವಳು ಕಲ್ಲನ್ನು ಮೇಲೆತ್ತಿ ಅವನ ಪಾದದ ಮೇಲೆ ಕುಕ್ಕಿದಳು. ಚಪ್ಪಲಿಯ ಒಳಗೆ ಬೆರಳುಗಳು ಜಜ್ಜಿಹೋದವು. ಕೆಂಪರಾಜು 'ಅವ್ವಾ' ಎಂದು ಕೂತುಬಿಟ್ಟ. ಅವಳು ಮಚ್ಚನ್ನು ಕಾಲಿನಿಂದ ಒದ್ದು ಮೋರಿಗೆ ತಳ್ಳಿದಳು. ಮೂಗಿನ ರಕ್ತ ಗಲ್ಲದ ಮೇಲಿಂದ ಕುಪ್ಪಸಕ್ಕೆ ಇಳಿಯುತ್ತಿತ್ತು.

ಬಿದ್ದ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅವಳು ಇಬ್ಬರನ್ನೂ ನೋಡಲಿಲ್ಲ. ಬಿಲ್ಲೆ ಒತ್ತುವ ಮಿಷಿನ್ನಿನ ಹತ್ತಿರ ಹೋಗಿ ಅಚ್ಚಿನ ಮೇಲೆ ಅದೇ ಕಲ್ಲನ್ನು ಎತ್ತಿ ಎತ್ತಿ ಹಾಕಿದಳು. 'ಮುನಿ' ಚಪ್ಪಟೆಯಾಯಿತು. 'ವೆಂಕಟ' ಸೀಳಿತು. ಕೊನೆಗೆ 'ಅಪ್ಪ' ತುಂಡಾಗಿ ನೆಲಕ್ಕೆ ಬಿತ್ತು.

"ನಾನು ಇಟ್ಟಿದ್ದು, ನಾನೇ ತೆಗೆದೆ. ಈಗಾದ್ರೂ ನಂಬ್ತೀಯೇನೋ?" ಎಂದಳು.

ಅನಿಲ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಹೋಗಿ ಇನ್ನೇನೋ ಬಂತು.

"ನಂಬ್ದೆ" ಎಂದ. "ಇಷ್ಟು ಧೈರ್ಯ ಬಾವನಿಗೆಲ್ಲಿ ಬರಬೇಕು?"

ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚವೇ ಸಿಕ್ಕಿತು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವರು ಮೊದಲು ಅನಿಲನನ್ನು ಕೇಳಿದರು.

"ಕಾಲು ಮುರಿದೋರು ಯಾರಪ್ಪಾ? ನಿಮ್ಮ ಬಾವನಾ?"

"ಅವನಾ?" ಅನಿಲ ಪಕ್ಕದ ಮಂಚದ ಕಡೆಗೂ ತಿರುಗಲಿಲ್ಲ. "ನಮ್ಮಕ್ಕ ಸಾರ್. ಬರ್ಕೊಳಿ. ನನ್ನ ಕಾಲು, ಅವನ ಕಾಲು, ಎರಡೂ ನಮ್ಮಕ್ಕನೇ."

"ನಿಮ್ಮದೇನಪ್ಪಾ?" ಎಂದು ಕೆಂಪರಾಜುವನ್ನು ಕೇಳಿದರು.

"ಹೆಗಲು ಬೆರಳು ಬಾಮೈದಂದು. ಪಾದ ನನ್ನ ಹೆಂಡ್ತೀದು" ಎಂದು ಕೆಂಪರಾಜು ಸೂರು ನೋಡುತ್ತ ಗೊಣಗಿದ.

ಬಾಗಿಲಲ್ಲಿ ಮೂಗಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದ ಗಂಗಲಕ್ಷ್ಮಮ್ಮ ಕೇಳಿಸಿಕೊಂಡಳು. ಇಬ್ಬರೂ ಉಸಿರಾಡುತ್ತಿದ್ದರು, ಬಯ್ಯುತ್ತಿದ್ದರು. ಅವಳಿಗೆ ಅಷ್ಟು ಸಾಕಿತ್ತು. ತಮ್ಮನ ಮಂಚದ ಹತ್ತಿರ ಹೋದಳು.

"ಯಾಕೆ ಕೊಟ್ಟೆ ಅಕ್ಕ ಅಪ್ಪನ ಹೆಸರು?"

"ಬೇರೆ ಯಾರ ಹೆಸರಿಗೆ ಅವು ಹೆದರ್ತವೆ ಹೇಳು? ನಮ್ಮಪ್ಪನಿಗೆ ದೊಡ್ಡ ಹೆಸರಾಗ್ಲಿ ಅಂತ ಕೊಟ್ಟೆ ಕಣೋ. ಮೈಕು ಬರುತ್ತೆ, ಬೀದಿ ನಗುತ್ತೆ ಅಂತ ನನಗೆ ಹೊಳೀಲಿಲ್ಲ."

ಅನಿಲ ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಮುಂದಿನ ವರ್ಷ ಎಡೆಗೆ ಬರ್ಬೇಡ" ಎಂದ. ಅವಳು ಅವನ ಹೊದಿಕೆ ಸರಿಮಾಡಿದಳು. ಕೈಯನ್ನು ಅವನು ತಳ್ಳಲಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಠಾಣೆಗೆ ಕರೆದೊಯ್ಯಲು ಮಮತ ಎಂಬ ಹೆಂಗಸು ಪೇದೆ ಬಂದಿದ್ದಳು. ಗಂಗಲಕ್ಷ್ಮಮ್ಮ ಸೆರಗು ಹೊದ್ದು ತಾನೇ ಜೀಪು ಹತ್ತಿದಳು. ಜೀಪು ಹಳೆ ಮದ್ರಾಸು ರಸ್ತೆಗೆ ತಿರುಗುವಾಗ ಆ ಹುಡುಗಿ ಮುಂದೆ ಕೂತವರಿಗೆ ಕೇಳದ ಹಾಗೆ ಹತ್ತಿರ ಬಗ್ಗಿದಳು.

"ತಪ್ಪು ತಿಳ್ಕೋಬೇಡಿ ಅಮ್ಮಾ. ನಮ್ಮ ಕ್ವಾರ್ಟರ್ಸಲ್ಲಿ ವಿಪರೀತ ಕಾಟ. ನಿಮ್ಮ ಶೆಡ್ಡಿಂದು ಒಳ್ಳೇ ಕೆಲಸ ಮಾಡುತ್ತಂತೆ. ಅಂಗಡೀಲಿ ಏನಂತ ಹೆಸರು ಹೇಳಿ ಕೇಳ್ಬೇಕು?"

ಗಂಗಲಕ್ಷ್ಮಮ್ಮ ಮೂಗಿನ ಹತ್ತಿ ತೆಗೆದು ನೋಡಿದಳು. ರಕ್ತ ನಿಂತಿತ್ತು.

"ಅದಕ್ಕಿನ್ನೂ ಹೆಸರಿಟ್ಟಿಲ್ಲ ಕಣವ್ವ" ಎಂದಳು.